ಭಟ್ಟಿ ಕೋಣೆಗೆ ಬಂದ ಅಡ್ಡಹೆಸರು

“ಒಂದು ಸಹಿ ಹಾಕೋದಕ್ಕೆ ಇಷ್ಟೊಂದು ಯೋಚನೆ ಬೇಕಾ, ದೋನ್ಯಾ ಎವ್ಲಾಲಿಯಾ?”

ಕಾರ್ಖಾನೆಯ ವಕೀಲ ಅರೀಸ್ಪೆ ಪೆನ್ನಿನ ಮುಚ್ಚಳ ತೆಗೆದು ಅದನ್ನು ಮೇಜಿನ ಆಚೆ ಬದಿಗೆ ತಳ್ಳಿದ. ಎವ್ಲಾಲಿಯಾ ಪೆನ್ನು ಮುಟ್ಟಲಿಲ್ಲ. ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ಕೂತಿದ್ದಳು.

“ತಪ್ಪು ಮಾಡಿದೀನಿ ಅಂತ ಬರೀರಿ, ಈಗ್ಲೇ ಹಾಕ್ತೀನಿ,” ಎಂದಳು. “ಬೇಕೂಂತ ಮಾಡಿದೀನಿ ಅಂತ ಬರೆದಿದೀರಲ್ಲ, ಅದಕ್ಕೆ ಹಾಕಲ್ಲ. ನಾನು ಪೆದ್ದಿ ಇರಬಹುದು ಸಾರ್, ಕಳ್ಳಿ ಅಲ್ಲ.”

“ಪೆದ್ದಿ ಮುಟ್ಟಿದ್ರೂ ಕಳ್ಳಿ ಮುಟ್ಟಿದ್ರೂ ಭಟ್ಟಿ ಒಂದೇ ಥರ ತಣ್ಣಗಾಗುತ್ತೆ, ಅಮ್ಮಾ.”

ಭಟ್ಟಿ ನಿಜಕ್ಕೂ ತಣ್ಣಗಾಗಿತ್ತು. ಶುಕ್ರವಾರ ಇದೇ ಎವ್ಲಾಲಿಯಾ ಭಟ್ಟಿ ಕೋಣೆಯಲ್ಲಿ, ಉರಿ ನಡೆಸುವ ತನ್ನ ಕಂಪ್ಯೂಟರಿನಲ್ಲಿ ಒಂದು ಮೇಲ್ ತೆರೆದಿದ್ದಳು. ಅರ್ಧ ಗಂಟೆಯೊಳಗೆ ಅಲ್ಬಾರ್ರಾನ್ ಸೆರಾಮಿಕಾ ಕಾರ್ಖಾನೆಯ ಕಂಪ್ಯೂಟರುಗಳಿಗೆಲ್ಲ ಯಾರೋ ಹೊರಗಿನಿಂದ ಬೀಗ ಜಡಿದು ಕೂತಿದ್ದರು. ಇವತ್ತು ಸೋಮವಾರ. ಅರ್ಧ ಬೆಂದ ಕಮೋಡುಗಳು, ಬೇಸಿನ್ನುಗಳು ಸುರಂಗದಂಥ ಆ ಭಟ್ಟಿಯೊಳಗೆ ಗಾಡಿಗಳ ಮೇಲೆ ಸಾಲಾಗಿ ನಿಂತು ಬಿರುಕು ಬಿಡುತ್ತಿದ್ದವು.

ಹೊರಗಿನ ಕೋಣೆಯಲ್ಲಿ ವಿಮೆ ಕಂಪನಿಯವನು ಕೂತು ಕಾಫಿ ಹೀರುತ್ತಿದ್ದ. ಕಾರ್ಖಾನೆ ತನ್ನ ಜನಕ್ಕೆ ಸರಿಯಾಗಿ ಕಲಿಸಿರಲಿಲ್ಲ ಎಂದಾದರೆ ಅವನು ಬಿಡಿಗಾಸು ಬಿಚ್ಚುವುದಿಲ್ಲ. ಚೆನ್ನಾಗಿ ಕಲಿತವಳೇ ಕಳ್ಳರ ಜೊತೆ ಸೇರಿ ಬೇಕೆಂದು ಮಾಡಿದಳು ಎಂದಾದರೆ ಬಿಚ್ಚುತ್ತಾನೆ. ಅರೀಸ್ಪೆಗೆ ಆ ಸಹಿ ಯಾಕೆ ಅಷ್ಟು ಬೇಕಾಗಿತ್ತೆಂದು ಹೇಳಬೇಕಾಗಿಲ್ಲ.

ಕಲಿಸಿದವಳು ನಾನು, ನೊಯೆಮಿ ಒಯೆರ್ವಿದೆಸ್. ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗಿ, ಕಂಪ್ಯೂಟರ್ ಕಳ್ಳರಿಂದ ಹುಷಾರಾಗಿರುವುದು ಹೇಗೆಂದು ಕೆಲಸಗಾರರಿಗೆ ಪಾಠ ಹೇಳುವುದು ನನ್ನ ಹೊಟ್ಟೆಪಾಡು. ಈ ಕಾರ್ಖಾನೆಯಲ್ಲಿ ನನ್ನ ಪಾಠ ಕೇಳಿದವರಲ್ಲಿ ಎಲ್ಲರಿಗಿಂತ ಮೇಲೆ ಬಂದವಳು ಈ ಎವ್ಲಾಲಿಯಾ. ನಾನು ಪರೀಕ್ಷೆಗೆಂದು ಕಳಿಸಿದ ಸುಳ್ಳು ಮೇಲ್‌ಗಳಲ್ಲಿ ಒಂದಕ್ಕೂ ಅವಳು ಸಿಕ್ಕಿಬಿದ್ದಿರಲಿಲ್ಲ. ಅಂಥವಳು ನಿಜವಾದ ಕಳ್ಳನ ಮೇಲನ್ನು ಮಾತ್ರ ಹಬ್ಬದ ಉಡುಗೊರೆಯ ಹಾಗೆ ಬಿಚ್ಚಿದ್ದು ಯಾಕೆ? ಮೂರು ದಿನದಿಂದ ನನ್ನ ತಲೆ ಚಿಟ್ಟು ಹಿಡಿದಿತ್ತು.

“ವಕೀಲರೇ, ಪಾಳಿ ಮುಗಿಯೋ ಸೈರನ್ ಆಗೋವರೆಗೆ ಸಮಯ ಕೊಡಿ,” ಎಂದೆ. “ನನಗೆ ಇವರ ಹತ್ತಿರ ಮಾತಾಡಬೇಕು.”

“ಮೊಂತೆರ್ರೈ ಊರಿನ ಜಿಪುಣರಲ್ವಾ ನೀವು, ಸಮಯಾನೂ ಚೌಕಾಸಿ ಮಾಡ್ತೀರಿ.” ಅವನು ಗಡಿಯಾರ ನೋಡಿದ. “ಸೈರನ್ ಆದ್ಮೇಲೂ ಸಹಿ ಬೀಳದಿದ್ರೆ ಪೊಲೀಸಿಗೆ ಫೋನ್ ಮಾಡ್ತೀನಿ. ಆಮೇಲೆ ನನ್ನನ್ನ ಬೈಕೋಬೇಡಿ.”

ಬಾಗಿಲ ಹೊರಗಿನ ಬೆಂಚಿನ ಮೇಲೆ ಎವ್ಲಾಲಿಯಾಳ ಮಗಳು ಬ್ರಿಸೇಯ್ದಾ ಊಟದ ಪೊಟ್ಟಣ ಹಿಡಿದು ಕೂತಿದ್ದಳು. ಅವಳಿಗೂ ಇಲ್ಲೇ ಕೆಲಸ, ಹಸಿ ಮಾಲಿಗೆ ಮೆರುಗಿನ ಲೇಪ ಹೊಡೆಯುವ ವಿಭಾಗದಲ್ಲಿ. ಅವಳ ಗಂಡ ಎಲಿಯುದ್ ಜೇಡಿಮಣ್ಣಿನ ಲಾರಿ ಓಡಿಸುತ್ತಾನೆ. ವಿಧವೆ ತಾಯಿಯ ಮನೆಯಲ್ಲೇ ಇಬ್ಬರೂ ಇದ್ದಾರೆ.

“ಅಮ್ಮಾ, ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು,” ಎಂದಳು. “ಸಹಿ ಹಾಕಿದ್ಯಾ?”

“ಹಾಕಿಲ್ಲ, ಹಾಕೋದೂ ಇಲ್ಲ. ನೀನು ಒಳಗಡೆ ಹೋಗು, ಸಂಬಳ ಹಿಡೀತಾರೆ.”

ಕಾಫಿ ಕಾಯಿಸುವ ಪುಟ್ಟ ಕೋಣೆಗೆ ಎವ್ಲಾಲಿಯಾಳನ್ನು ಕರೆದೊಯ್ದು ಬಾಗಿಲು ಹಾಕಿದೆ. ಸಾಲ್ತೀಯೊ ಊರಿನ ಚಳಿಗೆ ಗೋಡೆಗಳೂ ಗಡಗಡ ಎನ್ನುತ್ತಿದ್ದವು. ಅವಳು ಮಗಳು ಕೊಟ್ಟ ಪೊಟ್ಟಣ ಬಿಚ್ಚಿ, ಒಣಮಾಂಸ ಮೊಟ್ಟೆ ಸುತ್ತಿದ ತೋರ್ತಿಯಾ ರೊಟ್ಟಿಯನ್ನು ಎರಡು ಭಾಗ ಮಾಡಿ, ದೊಡ್ಡ ಭಾಗ ನನ್ನ ಕೈಗಿಟ್ಟಳು. ಜೈಲಿಗೆ ಹೋಗುವ ಹೊತ್ತಿನಲ್ಲೂ ಉಪಚಾರ ಬಿಡಲಾರದ ಜನ ಇವರು.

“ಫೋನಿಗೆ ಬಂದ ಸಂದೇಶ ಇನ್ನೊಂದ್ಸಲ ತೋರಿಸಿ.”

ಅವಳು ತೋರಿಸಿದಳು. ಕಂಪ್ಯೂಟರಿಗೆ ಆ ಮೇಲ್ ಬರುವ ಸ್ವಲ್ಪ ಮೊದಲು ಅವಳ ಫೋನಿಗೆ ಯಾವುದೋ ಗುರುತಿಲ್ಲದ ನಂಬರಿನಿಂದ ಬಂದದ್ದು ಅದು:

‘ಕೊಕ್ಕರೆ, ಅರ್ಧಮೀಸೆ ಕೂಗಾಡ್ತಿದಾನೆ. ಹೊಸ ಉರಿಯ ಲೆಕ್ಕ ಭಟ್ಟಿ ಕಂಪ್ಯೂಟರಿಗೆ ಕಳಿಸಿದೀನಿ. ಬೇಗ ತೆರೆದು ಭಟ್ಟಿಗೆ ಹಾಕು ಮಾರಾಯ್ತಿ, ಇಲ್ದಿದ್ರೆ ನನ್ನ ಕೆಲಸ ಹೋಗುತ್ತೆ.’

“ಯಾರು ಕಳಿಸಿದ್ದು ಅಂದ್ಕೊಂಡ್ರಿ?”

“ನಮ್ಮವರು.”

“ನಮ್ಮವರು ಅಂದ್ರೆ ಯಾರು?”

“ನಮ್ಮವರು ಅಂದ್ರೆ ನಮ್ಮವರು, ಮೇಡಂ.”

“ನಂಬರ್ ಗುರುತಿಲ್ಲ, ಕೊನೇಲಿ ಹೆಸರಿಲ್ಲ, ಆದ್ರೂ ನಮ್ಮವರಾ?”

“ನಂಬರ್ ಯಾರಿಗೆ ಗುರುತಿರುತ್ತೆ? ನಮ್ಮ ಹುಡುಗೀರು ಆಫರ್ ಬಂದಾಗೆಲ್ಲ ಸಿಮ್ ಬದಲಾಯಿಸ್ತಾರೆ. ‘ಕೊಕ್ಕರೆ’ ಅಂತ ಬಂದಿದೆಯಲ್ಲ, ನೋಡಿ. ಅದು ನಾನು.” ಅವಳು ತನ್ನ ಉದ್ದ ಕತ್ತನ್ನು ಮುಟ್ಟಿ ತೋರಿಸಿದಳು. “ಒದ್ದೆ ನೆಲದ ಮೇಲೆ ಕಾಲು ಎತ್ತೆತ್ತಿ ಇಡ್ತೀನಂತೆ, ಅದಕ್ಕೂ ಸೇರಿಸಿ ಇಟ್ಟಿದ್ದು.”

ನಾನು ತೋರ್ತಿಯಾ ಕೆಳಗಿಟ್ಟೆ.

“ದೋನ್ಯಾ, ನಾನು ಪರೀಕ್ಷೆಗೆ ಕಳಿಸಿದ ಮೇಲ್‌ಗಳನ್ನೆಲ್ಲ ಹಿಡಿದ್ರಿ ನೀವು. ಹೇಗೆ ಹಿಡಿದ್ರಿ?”

“ಅದೇನು ಕಷ್ಟ? ‘ಮಾನ್ಯ ಎವ್ಲಾಲಿಯಾ ಕಾರ್ದೆನಸ್ ಇಬಾರ್ರಾ ಅವರೇ’ ಅಂತ ಶುರುವಾಗ್ತಿತ್ತು. ಈ ಫ್ಯಾಕ್ಟರೀಲಿ ನನ್ನನ್ನ ಹಾಗೆ ಕರೆಯೋದು ಸಂಬಳದ ಚೀಟಿ, ಬಿಟ್ರೆ ನೀವು. ಸಂಬಳದ ಚೀಟಿ ಮೇಲಲ್ಲಿ ಬರಲ್ಲ.”

“ಕಳಿಸಿದವರ ವಿಳಾಸ ನೋಡಿ, ಒಂದೊಂದೇ ಅಕ್ಷರ ನೋಡಿ ಅಂತ ಹೇಳಿಕೊಟ್ಟಿದ್ದೆ!”

“ಹೇಳಿಕೊಟ್ರಿ. ತುಂಬ ಚೆನ್ನಾಗಿ ಹೇಳಿಕೊಟ್ರಿ.” ನನಗೆ ಬೇಸರವಾಗದಿರಲಿ ಎಂದು ಅವಳು ನನ್ನ ಮೊಣಕೈ ಸವರಿದಳು. “ಆದ್ರೆ ನಾವೆಲ್ಲ ಸೇರಿ ಒಂದು ಸುಲಭದ ದಾರಿ ಮಾಡ್ಕೊಂಡ್ವಿ. ಕಾಗದದ ಹೆಸರು ಹಿಡ್ಕೊಂಡು ಬಂದ್ರೆ ಅದು ಮೇಡಂ ಹಾಕಿದ ಗಾಳ. ಅಡ್ಡಹೆಸರು ಹಿಡ್ಕೊಂಡು ಬಂದ್ರೆ ನಮ್ಮವರು. ಇಡೀ ಫ್ಯಾಕ್ಟರಿ ಹಾಗೇ ಪಾಸಾಗಿದ್ದು.”

ಇಡೀ ಫ್ಯಾಕ್ಟರಿ! ಯಜಮಾನರು ಆ ಫಲಿತಾಂಶ ನೋಡಿ ಕೇಕ್ ತರಿಸಿದ್ದರು. ಅದರ ಮೇಲೆ ಕೆನೆಯಲ್ಲಿ ನನ್ನ ಹೆಸರು ಬರೆಸಿದ್ದರು. ಮೊದಲ ತುಂಡು ನನಗೇ ತಿನ್ನಿಸಿದ್ದರು.

ತಪ್ಪು ಅವರದೆಂದು ಹೇಗೆ ಹೇಳಲಿ? ಇಲ್ಲಿ ಜ್ಞಾನಸ್ನಾನದ ಹೆಸರು ಹೊತ್ತು ಓಡಾಡುವವರು ಯಾರೂ ಇಲ್ಲ. ಕಣ್ಣು ಮುಚ್ಚಿ ಮಾತಾಡುವ, ಅಚ್ಚಿಗೆ ಮಣ್ಣು ಸುರಿಯುವವನು ‘ಪಾದ್ರಿ’. ಏನು ಕೇಳಿದರೂ ಎರಡು ದಿನ ಬಿಟ್ಟು ಬಾ ಎನ್ನುವ ಉಗ್ರಾಣದವನು ‘ನಾಡಿದ್ದು’. ಅಡ್ಡಹೆಸರಿಟ್ಟರೆಂದರೆ ಒಳಗೆ ಸೇರಿಸಿಕೊಂಡರೆಂದೇ ಅರ್ಥ. ಕಳ್ಳ ಬಾಗಿಲು ಮುರಿದಿರಲಿಲ್ಲ. ಮನೆಯವನ ದನಿಯಲ್ಲಿ ಕರೆದಿದ್ದ, ಇವಳು ಚಿಲಕ ತೆಗೆದಿದ್ದಳು.

“ಅರ್ಧಮೀಸೆ ಯಾರು?”

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ದೋನ್ ಔಸೆನ್ಸಿಯೊ. ನಮ್ಮ ಭಟ್ಟಿ ಮುಖ್ಯಸ್ಥರು. ಉರಿ ಬಗ್ಗಿ ನೋಡೋಕೆ ಹೋಗಿ ಮೀಸೆ ಒಂದು ಕಡೆ ಸುಟ್ಕೊಂಡ್ರಲ್ಲ, ಆವಾಗಿಂದ.”

ಅಲ್ಲಿಂದ ನೇರ ಕಂಪ್ಯೂಟರ್ ಇಂಜಿನಿಯರ್ ಫಾಬಿಯಾನ್‌ನ ಕೋಣೆಗೆ ಹೋದೆ. ಸಾಕಷ್ಟು ಓದಿದವನು, ಸಾಕಷ್ಟು ನಿದ್ದೆಗೆಟ್ಟವನು. ಮೂರು ದಿನದಿಂದ ಅದೇ ಅಂಗಿಯಲ್ಲಿದ್ದ.

“ಮೇಡಂ, ನೀವು ಸುಮ್ನೆ ಗಾಳಿಗೆ ಗುದ್ದುತಾ ಇದೀರಿ,” ಎಂದ. “ಯಾರು ಅಂತ ನನಗೆ ಗೊತ್ತು. ನಿಕಾನೋರ್.”

ನಿಕಾನೋರ್‌ನನ್ನು ಕೆಲಸದಿಂದ ತೆಗೆದಾಗ ಅವನು ಗೇಟಿನಲ್ಲಿ ನಿಂತು ಈ ಭಟ್ಟಿ ಆರಿಹೋಗಲಿ ಎಂದು ಶಾಪ ಹಾಕಿದ್ದನ್ನು ಎಲ್ಲರೂ ಕೇಳಿದ್ದರು. ‘ಬಿಕ್ಕಳಿಕೆ’ ಎಂದು ಅವನ ಅಡ್ಡಹೆಸರು. ಸಿಟ್ಟು ಬಂದಾಗ ಅವನಿಗೆ ಬಿಕ್ಕಳಿಕೆ ಹತ್ತುತ್ತದೆ, ಹಾಗಾಗಿ ಆ ಶಾಪವನ್ನೂ ತುಂಡು ತುಂಡಾಗಿ ಹಾಕಿದ್ದನಂತೆ.

“ಅವನು ಯಾವಾಗ ಹೋದದ್ದು?” ಎಂದು ಕೇಳಿದೆ.

“ಕಂದೆಲಾರಿಯಾ ಹಬ್ಬಕ್ಕೆ ಎಲ್ಲಾರೂ ಸೇರಿ ತಮಾಲೆ ಕಡುಬು ತಿಂದ್ವಲ್ಲ, ಅದರ ಮಾರನೇ ದಿನ.”

“ತಮಾಲೆ ತಿಂದ ದಿನ ದೋನ್ ಔಸೆನ್ಸಿಯೊ ಮೀಸೆ ಹೇಗಿತ್ತು?”

ಫಾಬಿಯಾನ್ ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದ. ಆಮೇಲೆ ಫೋನು ತೆಗೆದು ಅವತ್ತಿನ ಫೋಟೋ ಹುಡುಕಿದ. ದೋನ್ ಔಸೆನ್ಸಿಯೊ ಯಜಮಾನರ ಪಕ್ಕದಲ್ಲಿ ಎದೆ ಸೆಟೆಸಿ ನಿಂತಿದ್ದರು. ಮೀಸೆ ಎರಡು ಕಡೆಯೂ ಪೂರ್ತಿಯಾಗಿ, ಎಣ್ಣೆ ಹಚ್ಚಿಸಿಕೊಂಡು ನಿಂತಿತ್ತು.

“ನಿಕಾನೋರ್ ಇಲ್ಲಿದ್ದಾಗ ಅರ್ಧಮೀಸೆ ಅನ್ನೋ ಹೆಸರೇ ಇರಲಿಲ್ಲ,” ಎಂದೆ.

“ಯಾರಾದ್ರೂ ಅವನಿಗೆ ಹೇಳಿರಬಹುದಲ್ಲ?”

“ಹೇಳಿದವರು ಒಳಗಿನವರೇ ತಾನೆ? ಹೇಗೆ ತಿರುಗಿಸಿದ್ರೂ ಈಗ ಒಳಗಿರೋ ಒಬ್ಬರ ಕೈ ಇದರಲ್ಲಿದೆ.”

ಅವನು ಕುರ್ಚಿಗೆ ಒರಗಿದ. “ನನಗಂತೂ ಈ ಹೆಸರು ಎರಡೂ ಗೊತ್ತಿರಲಿಲ್ಲ ಮೇಡಂ. ಆಫೀಸಿನವರ ಹತ್ತಿರ ಅವರು ಇದೆಲ್ಲ ಬಾಯಿಬಿಡಲ್ಲ. ನನಗೇನು ಹೆಸರಿಟ್ಟಿದಾರೋ, ದೇವರಿಗೇ ಗೊತ್ತು.”

ಅವನ ಮಾತು ನಂಬಬೇಕೋ ಬೇಡವೋ ತಿಳಿಯಲಿಲ್ಲ. ಆದರೆ ಅವನಿಗಿಂತ ಜಾಸ್ತಿ ಅನುಮಾನ ಬೇರೊಬ್ಬರ ಮೇಲೆ ನನಗೆ ಹತ್ತಿತ್ತು. ಈ ಕಂಪ್ಯೂಟರ್ ಭಟ್ಟಿ ಬಂದಾಗಿನಿಂದ ಅದನ್ನು ಬೈದುಕೊಂಡೇ ಓಡಾಡುತ್ತಿದ್ದವರು ಒಬ್ಬರು. ನನ್ನ ಪಾಠಕ್ಕೆ ಬಂದು ಕೊನೆಯ ಸಾಲಿನಲ್ಲಿ ಗೊರಕೆ ಹೊಡೆದವರು. ಉರಿಯ ಲೆಕ್ಕ ಎಂದರೆ ಎವ್ಲಾಲಿಯಾ ಕಣ್ಣು ಮುಚ್ಚಿ ತೆರೆಯುತ್ತಾಳೆಂದು ಚೆನ್ನಾಗಿ ತಿಳಿದವರು.

ದೋನ್ ಔಸೆನ್ಸಿಯೊ ಭಟ್ಟಿಯ ಬಾಯಿಯ ಹತ್ತಿರ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದರು. ಉರಿ ಇದ್ದಾಗ ಆ ಜಾಗದಲ್ಲಿ ಯಾರೂ ಕೂರಲಾರರು. ಈಗ ಒಂದು ಬೆಕ್ಕು ಅವರ ಕಾಲಬಳಿ ಮಲಗಿ ನಡುಗುತ್ತಿತ್ತು.

“ಬನ್ನಿ ಟೀಚರಮ್ಮ,” ಎಂದರು. “ನೋಡಿ, ನಿಮ್ಮ ಕಂಪ್ಯೂಟರ್ ಅಡುಗೆ ಹೇಗಿದೆ. ಎಪ್ಪತ್ತು ಗಾಡಿ ಮಾಲು ಹಾಳು. ಮೊದಲೆಲ್ಲ ನಾನು ಕೈಯಲ್ಲಿ ಉರಿ ತಿರುಗಿಸ್ತಿದ್ದೆ, ಒಂದು ಬೇಸಿನ್ನಿಗೂ ಕೂದಲಿನಷ್ಟು ಬಿರುಕು ಬರ್ತಿರಲಿಲ್ಲ.”

“ಆ ಸಂತೋಷಕ್ಕೇ ಇದನ್ನ ನಿಲ್ಲಿಸಿದ್ರಾ, ದೋನ್ ಔಸೆನ್ಸಿಯೊ?”

ಅವರು ನಿಧಾನವಾಗಿ ತಲೆಯೆತ್ತಿದರು. “ಏನಂದ್ರಿ?”

“ಕಂಪ್ಯೂಟರ್ ಕೆಡಲಿ ಅಂತ ಇಡೀ ಫ್ಯಾಕ್ಟರಿ ಮುಂದೆ ಹೇಳಿದವರು ನೀವು. ಎವ್ಲಾಲಿಯಾ ನಿಮ್ಮ ಮಾತು ಮೀರಲ್ಲ ಅಂತ ಗೊತ್ತಿದ್ದವರು ನೀವು. ನಿಮ್ಮ ಹೆಸರಲ್ಲೇ ಸಂದೇಶ ಬಂದಿದೆ.”

“ನನ್ನ ಹೆಸರಲ್ಲಾ? ತೋರಿಸಿ!”

ನಾನು ಓದಿದೆ. ‘ಕೊಕ್ಕರೆ, ಅರ್ಧಮೀಸೆ ಕೂಗಾಡ್ತಿದಾನೆ...’

“ಇದರಲ್ಲಿ ನಾನೆಲ್ಲಿದೀನಿ?”

ಅವರು ನನ್ನ ಮುಖ ನೋಡಿದರು. ಆಮೇಲೆ ಸ್ವಲ್ಪ ದೂರದಲ್ಲಿ ಗಾಡಿ ಒರೆಸುತ್ತಿದ್ದ ಇಬ್ಬರ ಕಡೆ ತಿರುಗಿದರು. ಅವರಿಬ್ಬರೂ ಇದ್ದಕ್ಕಿದ್ದಂತೆ ಬಹಳ ಶ್ರದ್ಧೆಯಿಂದ ಒರೆಸತೊಡಗಿದರು. ದೋನ್ ಔಸೆನ್ಸಿಯೊ ಅವರ ಕೈ ತಾನೇ ತಾನಾಗಿ ಮೇಲೆದ್ದು ಮೀಸೆಯ ಸುಟ್ಟ ಬದಿಯನ್ನು ಮುಟ್ಟಿತು.

“ಅರ್ಧಮೀಸೆ,” ಎಂದರು ಮೆಲ್ಲಗೆ. “ನನಗೆ ‘ಜನರಲ್’ ಅಂತಾರಲ್ಲ?”

“ಮೊದಲು ಅಂತಿದ್ರಂತೆ.”

“ಯಾವಾಗಿಂದ ಇದು?”

“ಅದು... ಸುಟ್ಟಾಗಿಂದ.”

ಮುದುಕರ ಕಿವಿ ಕೆಂಪಾಯಿತು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಕಳ್ಳರನ್ನು ಕಂಡುಹಿಡಿಯುವುದು ನನಗೆ ಬರುತ್ತದೋ ಇಲ್ಲವೋ, ಮನುಷ್ಯನಿಗೆ ಪೆಟ್ಟು ಬಿದ್ದದ್ದು ಮಾತ್ರ ತಿಳಿಯುತ್ತದೆ. ಈ ಮನುಷ್ಯ ಆ ಹೆಸರನ್ನು ಇದೇ ಮೊದಲು ಕೇಳುತ್ತಿದ್ದರು. ಹಿರಿಯರ ಅಡ್ಡಹೆಸರನ್ನು ಅವರೆದುರು ಹೇಳುವ ಪದ್ಧತಿ ಇಲ್ಲಿಲ್ಲ. ತನಗೇ ಗೊತ್ತಿಲ್ಲದ ಹೆಸರನ್ನು ಬರೆದು ಅವರು ಯಾರನ್ನೂ ಮೋಸ ಮಾಡಿರಲಾರರು.

“ಕ್ಷಮಿಸಿ,” ಎಂದೆ. ಮನಸ್ಸಿನಿಂದಲೇ ಅಂದೆ.

“ಇರಲಿ ಬಿಡಿ. ಎಲ್ಲರಿಗೂ ನಾನೇ ಹೆಸರಿಡ್ತಿದ್ದೆ, ನನಗೂ ಒಂದು ಬಿತ್ತು.” ನಗಲು ನೋಡಿದರು, ಆಗಲಿಲ್ಲ. “ಅದಿರಲಿ. ಕೊಕ್ಕರೆ ಯಾರು?”

“ಏನು? ಎವ್ಲಾಲಿಯಾ.”

“ನಮ್ಮ ಲಾಲಾನಾ? ಯಾರು ಹಾಗಂದವರು?” ಅವರು ಬಕೆಟ್ಟಿನಿಂದ ಎದ್ದೇಬಿಟ್ಟರು. “ಅವಳ ಗಂಡ ಇದೇ ಭಟ್ಟೀಲಿ ನನ್ನ ಜೊತೆ ಬೆಂದವನು. ಅವನು ಸತ್ತ ಮೇಲೆ ಇಲ್ಲಿ ಯಾವ ಗಂಡಸೂ ಅವಳನ್ನ ದೋನ್ಯಾ ಲಾಲಾ ಅಂತ ಬಿಟ್ಟು ಬೇರೆ ಕರೆದಿಲ್ಲ. ಕರೆದ್ರೆ ನಾನು ಸುಮ್ನಿರ್ತಿದ್ನಾ? ಏಯ್, ನೀವು ಹೇಳ್ರೋ! ಕೊಕ್ಕರೆ ಅಂದ್ರೆ ಯಾರು?”

ಗಾಡಿ ಒರೆಸುವವರಿಬ್ಬರೂ ತಲೆಯಾಡಿಸಿದರು. ಅವರಿಗೂ ತಿಳಿದಿರಲಿಲ್ಲ. ಅರ್ಧಮೀಸೆ ಎಂದಾಗ ನೆಲ ನೋಡಿದವರು ಕೊಕ್ಕರೆ ಎಂದಾಗ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು.

ನಾನು ಅಲ್ಲೇ ನಿಂತುಬಿಟ್ಟೆ. ಬಂದಾಗ ಒಂದೇ ಗೊಂದಲ ಇತ್ತು, ಈಗ ಎರಡಾಯಿತು. ಒಂದು ಹೆಸರು ಎಲ್ಲ ಕೆಲಸಗಾರರಿಗೂ ಗೊತ್ತು, ಅದರ ಒಡೆಯನೊಬ್ಬನಿಗೆ ಬಿಟ್ಟು. ಇನ್ನೊಂದು ಹೆಸರು ಭಟ್ಟಿಯ ಗಂಡಸರಿಗೇ ಗೊತ್ತಿಲ್ಲ. ಇವೆರಡೂ ಒಂದೇ ಬಾಯಲ್ಲಿ ಹೇಗೆ ಸೇರಿದವು?

ಅರೀಸ್ಪೆಯ ಕೋಣೆಗೆ ಓಡಿದೆ. ಓಡಿದೆ ಎಂದರೆ ಓಡಿದೆ. ಮೆಟ್ಟಿಲಲ್ಲಿ ಒಮ್ಮೆ ಮುಗ್ಗರಿಸಿಯೂ ಬಿಟ್ಟೆ. ಎವ್ಲಾಲಿಯಾ ಅದೇ ಕುರ್ಚಿಯಲ್ಲಿದ್ದಳು, ಪೆನ್ನೂ ಅದೇ ಜಾಗದಲ್ಲಿತ್ತು. ಹೊರಗಿನ ಬೆಂಚು ಖಾಲಿಯಾಗಿತ್ತು.

“ದೋನ್ಯಾ, ನಿಮ್ಮನ್ನ ಕೊಕ್ಕರೆ ಅಂತ ಕರೆಯೋದು ಯಾರು? ಎಲ್ಲರೂ ಅನ್ನಬೇಡಿ. ಯಾರು ಯಾರು?”

“ಮೆರುಗಿನ ವಿಭಾಗದ ಹೆಂಗಸರು. ನಾನು ಊಟ ಮಾಡೋದು ಅವರ ಜೊತೆ. ಭಟ್ಟಿ ಗಂಡಸರ ಬೈಗುಳ ಕೇಳ್ಕೊಂಡು ಯಾರು ಉಣ್ತಾರೆ?”

“ಆ ಹೆಸರು ಆ ಮೇಜು ಬಿಟ್ಟು ಹೊರಗೆ ಹೋಗಿದೆಯಾ?”

ಅವಳು ಯೋಚಿಸಿದಳು. “ಇಲ್ಲ. ದೋನ್ ಔಸೆನ್ಸಿಯೊ ಕಿವಿಗೆ ಬಿದ್ರೆ ಜಗಳ ತೆಗೀತಾರೆ ಅಂತ ಹುಡುಗೀರಿಗೆ ನಾನೇ ಹೇಳಿದ್ದೆ.”

ನಾನು ಅರೀಸ್ಪೆಯ ಕಡೆ ತಿರುಗಿದೆ.

“ಕೇಳಿಸ್ತಾ ವಕೀಲರೇ? ಹೊರಗಿನ ಕಳ್ಳನಿಗೆ ಒಳಗಿಂದ ಯಾರೋ ಈ ಎರಡು ಹೆಸರು ಕೊಟ್ಟಿದ್ದಾರೆ. ಕೊಟ್ಟವರು ಆ ಮೇಜಿನವರು, ಇಲ್ಲಾ ಆ ಮೇಜಿಗೆ ತೀರಾ ಹತ್ತಿರದವರು. ಇವರು ಮೋಸ ಹೋಗಿದ್ದಾರೆ, ಮೋಸ ಮಾಡಿಲ್ಲ. ಇವರ ಸಹಿ ತಗೊಂಡು ನೀವು ಕಡತ ಮುಚ್ಚಿದ್ರೆ ನಿಜವಾದವರು ಇಲ್ಲೇ ಉಳೀತಾರೆ. ಭಟ್ಟಿ ಮತ್ತೆ ಹಚ್ಚಿದ ದಿನ ಮತ್ತೆ ಬೀಗ ಬೀಳುತ್ತೆ. ಆಗ ಯಾರ ಸಹಿ ತಗೋತೀರಿ? ನಿಮ್ಮದಾ?”

ಮೊದಲ ಬಾರಿ ಅರೀಸ್ಪೆಯ ಮುಖದಲ್ಲಿ ಲೆಕ್ಕಾಚಾರ ತಪ್ಪಿದ್ದು ಕಂಡಿತು.

“ಆ ಮೇಜಿಗೆ ಯಾರ್ಯಾರು ಕೂರ್ತಾರೆ?” ಎಂದು ಕೇಳಿದ.

“ಆರು ಜನ. ನನ್ನ ಮಗಳನ್ನೂ ಸೇರಿಸಿ,” ಎಂದಳು ಎವ್ಲಾಲಿಯಾ. ಅವಳ ಬೆನ್ನು ನೆಟ್ಟಗಾಗಿತ್ತು, ಕೆನ್ನೆಗೆ ರಕ್ತ ಬಂದಿತ್ತು. “ಎಲ್ಲಾರ್ನೂ ಕರೆಸಿ ಕೇಳಿ ಸಾರ್. ಒಬ್ಬೊಬ್ಬರನ್ನೂ ಕೇಳಿ. ನನ್ನಂಥ ಬಡಪಾಯಿ ತಲೆ ಮೇಲೆ ಕಲ್ಲು ಹಾಕಿದವರು ಯಾರು ಅಂತ ನಾನೂ ನೋಡಬೇಕು. ಅವಳ ಜಡೆ ಹಿಡಿದು ಎಳ್ಕೊಂಡು ಬರ್ತೀನಿ, ನೋಡ್ತಿರಿ!”

ಅರೀಸ್ಪೆ ಕಾಗದವನ್ನು ಕೈಗೆತ್ತಿಕೊಂಡ. ಹೊರಗಿನ ಕೋಣೆಯ ಕಡೆ ನೋಡಿದ. ಒಂದು ಮಡಿಕೆ ಮಡಿಚಿದ.

“ನಾಳೆವರೆಗೆ,” ಎಂದ. “ನಾಳೆವರೆಗೆ ಮಾತ್ರ. ವಿಮೆಯವನಿಗೆ ಏನಾದ್ರೂ ಹೇಳ್ತೀನಿ.”

ನನಗೆ ಕೂಗಿ ಕುಣಿಯಬೇಕೆನ್ನಿಸಿತು. ಎವ್ಲಾಲಿಯಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ನನ್ನ ಕೈಹಿಡಿದಳು.

ಆಗ ನನ್ನ ಫೋನು ಗುನುಗಿತು. ಗುರುತಿಲ್ಲದ ನಂಬರು.

ನಾನೇ ಕಲಿಸಿದ ಪಾಠ ಒಂದಿದೆ: ಗುರುತಿಲ್ಲದ ಕಡೆಯಿಂದ ಸಂದೇಶ ಬಂದರೆ ಏನನ್ನೂ ಒತ್ತಬೇಡಿ, ಮೊದಲು ಪಕ್ಕದವರಿಗೆ ಗಟ್ಟಿಯಾಗಿ ಓದಿ ಹೇಳಿ. ಗುಟ್ಟು ಹೊರಬಿದ್ದ ಕೂಡಲೇ ಅರ್ಧ ಮೋಸ ಮುರಿದುಬೀಳುತ್ತದೆ. ನಾನು ಗಟ್ಟಿಯಾಗಿ ಓದಿದೆ.

“‘ಮುಟ್ಟಿದ್ರೆ ಮುನಿ, ದಯವಿಟ್ಟು ಅವಳಿಂದ ಸಹಿ ಹಾಕಿಸಬೇಡಿ. ಅವಳಿಗೆ ಏನೂ ಗೊತ್ತಿಲ್ಲ. ಅವಳನ್ನ ಬಿಟ್ಟುಬಿಡಿ.’”

ಅರೀಸ್ಪೆ ಹುಬ್ಬು ಗಂಟಿಕ್ಕಿದ. “ಮುಟ್ಟಿದ್ರೆ ಮುನಿ? ಅದೊಂದು ಮುಳ್ಳಿನ ಗಿಡ ಅಲ್ವಾ? ಮುಟ್ಟಿದ್ರೆ ಎಲೆ ಮುಚ್ಕೊಳ್ಳುತ್ತಲ್ಲ, ಅದು.”

“ಯಾರಿಗೋ ಕಳಿಸೋಕೆ ಹೋಗಿ ನನಗೆ ಕಳಿಸಿರಬೇಕು,” ಎಂದೆ. ತಲೆ ಬುಡ ಅರ್ಥವಾಗಲಿಲ್ಲ. ಪಾಠದುದ್ದಕ್ಕೂ ‘ಮುಟ್ಟಬೇಡಿ, ಮುಟ್ಟಬೇಡಿ’ ಎಂದು ಸಿಡುಕುತ್ತಿದ್ದವಳು ನಾನೇ ಎಂಬುದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹಾಗಾದರೆ ನನಗೂ ಒಂದು ಹೆಸರು ಬಿದ್ದಿತ್ತು! ಇಷ್ಟರ ನಡುವೆಯೂ ಒಳಗೊಳಗೇ ಒಂದಿಷ್ಟು ಖುಷಿಯಾಯಿತು ಎಂದರೆ ನನ್ನ ಬುದ್ಧಿಗೆ ಏನೆನ್ನಬೇಕು.

“ನೋಡಿದ್ರಾ ವಕೀಲರೇ? ಕಳ್ಳರೇ ಸಾಕ್ಷಿ ಹೇಳ್ತಿದಾರೆ, ಇವರಿಗೆ ಏನೂ ಗೊತ್ತಿಲ್ಲ ಅಂತ. ಈ ನಂಬರ್ ಹಿಡಿದ್ರೆ...”

“ಇನ್ನೊಂದ್ಸಲ ಓದಿ ಮೇಡಂ,” ಎಂದಳು ಎವ್ಲಾಲಿಯಾ.

ನಾನು ಮತ್ತೆ ಓದಿದೆ.

“ಮೊದಲನೇ ಪದ. ಅದನ್ನ ಇನ್ನೊಂದ್ಸಲ.”

“ಮುಟ್ಟಿದ್ರೆ ಮುನಿ.”

ಅವಳು ನನ್ನ ಕೈ ಬಿಟ್ಟಳು. ಶಾಲನ್ನು ಹೆಗಲಿಗೆ ಸರಿಯಾಗಿ ಎಳೆದುಕೊಂಡಳು. ಅರೀಸ್ಪೆಯ ಕೈಯಿಂದ ಕಾಗದ ತೆಗೆದುಕೊಂಡು, ಮೇಜಿನ ಮೇಲಿಟ್ಟು, ಮಡಿಕೆಯನ್ನು ಅಂಗೈಯಿಂದ ಉಜ್ಜಿ ಬಿಡಿಸಿದಳು. ಪೆನ್ನು ಎತ್ತಿಕೊಂಡಳು. ನಾನು ಏನಾಗುತ್ತಿದೆಯೆಂದು ತಿಳಿಯುವಷ್ಟರಲ್ಲಿ ಅವಳು ದುಂಡಗೆ, ನಿಧಾನವಾಗಿ ಬರೆಯತೊಡಗಿದ್ದಳು. ಎವ್ಲಾಲಿಯಾ ಕಾರ್ದೆನಸ್ ಇಬಾರ್ರಾ.

“ದೋನ್ಯಾ! ಏನ್ ಮಾಡ್ತಿದೀರಿ? ಈಗ್ತಾನೆ ಬಿಡಿಸ್ಕೊಂಡ್ವಲ್ಲ!” ನಾನು ಅವಳ ಮಣಿಕಟ್ಟು ಹಿಡಿದೆ. ಅದು ಕಬ್ಬಿಣದ ಹಾಗೆ ಬಿಗಿಯಾಗಿತ್ತು. ಅವಳು ಕೊನೆಯ ಅಕ್ಷರವನ್ನೂ ಬರೆದು ಮುಗಿಸಿದಳು.

ಅರೀಸ್ಪೆ ಗಾಬರಿಯಾಗಿ ನಮ್ಮಿಬ್ಬರನ್ನೂ ನೋಡುತ್ತಿದ್ದ. ಎವ್ಲಾಲಿಯಾ ನನ್ನ ಕಡೆ ಬಗ್ಗಿದಳು. ಅವಳ ತುಟಿ ನನ್ನ ಕಿವಿಗೆ ತಾಗುವಷ್ಟು ಹತ್ತಿರ ಬಂತು.

“ಆ ಹೆಸರು ನಿಮಗಿಟ್ಟಿದ್ದು ನಾನು,” ಎಂದು ಪಿಸುಗುಟ್ಟಿದಳು. “ನಿನ್ನೆ ಭಾನುವಾರ. ನನ್ನ ಅಡುಗೆಮನೇಲಿ, ಊಟಕ್ಕೆ ಕೂತಾಗ. ಫ್ಯಾಕ್ಟರೀಲಿ ಒಬ್ಬರಿಗೂ ಹೇಳಿಲ್ಲ.”

“ಊಟಕ್ಕೆ ಯಾರ್ಯಾರು ಕೂತಿದ್ರು?”

ಅವಳು ಬಾಗಿಲಾಚೆ ಮಗಳು ಕೂತಿದ್ದ ಬೆಂಚಿನ ಕಡೆ ನೋಡಿದಳು. ಪೆನ್ನಿಗೆ ಮುಚ್ಚಳ ಹಾಕಿ, ಕಾಗದವನ್ನು ವಕೀಲನ ಕಡೆ ತಳ್ಳಿದಳು.

“ಬೇಕೂಂತ್ಲೇ ಮಾಡಿದೆ ಸಾರ್,” ಎಂದಳು. “ನಾನೊಬ್ಬಳೇ ಮಾಡಿದೆ.”